ಪಂಜರದಿಂದ ಹೊರಬಂದ ಕವಿ

ಬಲೆಯ ಪಂಜರದೊಳಗೆ ಇಬ್ಬರನ್ನು ನಿಲ್ಲಿಸಿ, ಗುದ್ದು, ಒದೆ, ಮಲ್ಲರ ಪಟ್ಟು ಎಲ್ಲಕ್ಕೂ ಅವಕಾಶವಿತ್ತು ಕಾದಾಡಿಸುವ ಮಿಶ್ರ ಸಮರಕಲೆಯನ್ನು ಅಮೆರಿಕೆಯ ಸೆನೆಟರ್ ಜಾನ್ ಮೆಕೇನ್ ಮನುಷ್ಯರ ಕೋಳಿ ಅಂಕವೆಂದು ಖಂಡಿಸಿದ್ದರು. 1997ರಲ್ಲಿ ಅದನ್ನು ನಿಷೇಧಿಸಿದ ನ್ಯೂಯಾರ್ಕ್ ರಾಜ್ಯ 2016ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇಂತಹ ಪಂಜರದಲ್ಲಿ ಕಾದಾಡಿ ಬಂದವರು ಕ್ಯಾಮರಾನ್ ಕಾನವೇ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಕಾವ್ಯರಚನೆಯನ್ನು ಅಭ್ಯಾಸ ಮಾಡಿದ ಅವರು 2011ರಲ್ಲಿ ‘ಕೇಜ್ಡ್’ ಎಂಬ ಆತ್ಮಕಥೆಯನ್ನು ಪ್ರಕಟಿಸಿದರು.

ಮಲ್ಲಯುದ್ಧದಲ್ಲಿ ಅಣ್ಣನನ್ನೆತ್ತಿ ಹಿಡಿದ ಗಳಿಗೆಯಲ್ಲೇ ವಿರಕ್ತನಾದ ಬಾಹುಬಲಿಯನ್ನು ನಮ್ಮ ವಾಚಕರು ಇಲ್ಲಿ ನೆನೆಯುವುದು ಸಹಜ. ಆದರೆ ಆ ಹೋಲಿಕೆ ನಿಲ್ಲುವುದಿಲ್ಲ. ‘ಪಂಜರದಲ್ಲಿ ಕಾದಾಡುವ ಕವಿಯ ನೆನಪುಗಳು’ ಎಂಬ ಅರ್ಥದ ಉಪಶೀರ್ಷಿಕೆಯಲ್ಲಿ ಕಾನವೇ ಅವರು ತಮ್ಮ ಕಾಳಗವನ್ನು ಬಿರುದಿನಂತೆ ಧರಿಸಿದ್ದಾರೆ. ಹಿಂಸೆಯನ್ನು ಬಿಟ್ಟವನೆಂಬುದಕ್ಕಿಂತ ಹಿಂಸೆಯನ್ನು ಬಲ್ಲವನೆಂಬ ಕೀರ್ತಿಯೇ ಪುಸ್ತಕವನ್ನು ಮಾರುವುದೆಂದು ಪ್ರಕಾಶಕರೂ ಅರಿತಿರಬೇಕು! ಈ ಬಿರುದು ನನಗೆ ರುಚಿಸದು.

ಅವರ ನಿಜವಾದ ಬೆಳವಣಿಗೆ ಬೇರೆ ಕಡೆ ಇದೆ. ಪಂಜರದಲ್ಲಿ ಪೆಟ್ಟು ತಿನ್ನುವವನು ಒಪ್ಪಿಯೇ ಒಳಹೊಕ್ಕವನು. ಎದುರಾಳಿಯೂ ಅಂತೆಯೇ. ಒಪ್ಪಿಗೆಯಿಂದ ಹಿಂಸೆಯ ದೋಷ ಅಳಿಯದು, ನಿಜ; ಆದರೂ ಒಪ್ಪಿಗೆಯೇ ಇಲ್ಲದೆ ಒದಗುವ ನೋವಿನ ಬಗೆ ಬೇರೆ. ಕಾನವೇ ಅವರ ಮುಂದಿನ ಗ್ರಂಥಗಳೆಲ್ಲ ಆ ನೋವನ್ನೇ ಅರಸಿ ಹೋದವು. ‘ಅಂಟಿಲ್ ಯು ಮೇಕ್ ದ ಶೋರ್’ ಎಂಬ ಸಂಕಲನದ ಹಿಂದೆ ಬಾಲಾಪರಾಧಿಗಳ ಬಂಧನಗೃಹದಲ್ಲಿ ಪಾಠ ಹೇಳಿದ ಅನುಭವವಿದೆ. ಬಾಂಗ್ಲಾದೇಶದ ಕಡಲತಡಿಯಲ್ಲಿ ಹಳೆಯ ಹಡಗುಗಳನ್ನು ಅನಿಲಜ್ವಾಲೆಯಿಂದ ಕತ್ತರಿಸಿ ತುಂಡುಮಾಡುವ ಕೂಲಿಗಳ ಕುರಿತದ್ದು ‘ಚಿತ್ತಗಾಂಗ್’.

ಇವೆಲ್ಲಕ್ಕಿಂತ ಮಿಗಿಲಾದುದು 2014ರ ‘ಮಲೇರಿಯಾ, ಪೊಯಮ್ಸ್’. ಬ್ಯಾಂಕಾಕಿನ ಮಹಿದೋಲ್-ಆಕ್ಸ್‌ಫರ್ಡ್ ಉಷ್ಣವಲಯ ವೈದ್ಯ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳ ಜೊತೆಗಿದ್ದ ಕಾಲದ ಫಲವಿದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2012ರಲ್ಲಿ ಮಲೇರಿಯಾದಿಂದ ಸತ್ತವರು 6,27,000. ಹೆಚ್ಚಿನವರು ಆಫ್ರಿಕಾದ ಎಳೆಯ ಮಕ್ಕಳು. ಇಷ್ಟು ದೊಡ್ಡ ಸಂಖ್ಯೆಯೆದುರು ಕರುಣೆಯೂ ಜಡವಾಗುತ್ತದೆ. ಓದಿದವನು ನಿಟ್ಟುಸಿರಿಟ್ಟು ಪುಟ ತಿರುವುತ್ತಾನೆ. ಆ ಜಡತೆಯನ್ನು ಕದಲಿಸುವುದೇ ಈ ಸಂಕಲನದ ಹಟ. ಎದುರಾಳಿಯ ಉಸಿರನ್ನೂ ಕಾಲಿನ ಸೂಕ್ಷ್ಮ ಚಲನೆಯನ್ನೂ ಗಮನಿಸಲು ಪಳಗಿದ ಕಣ್ಣು ಇಲ್ಲಿ ಜ್ವರಪೀಡಿತನ ಕಡೆಗೆ ತಿರುಗಿದೆ ಎಂದೇ ನನ್ನ ಗ್ರಹಿಕೆ. ಕಾದಾಟ ಕವಿಗೆ ಏನನ್ನಾದರೂ ಕಲಿಸಿದ್ದರೆ ಅದು ಈ ಅವಧಾನ, ಶೌರ್ಯವಲ್ಲ. (ಸೊಳ್ಳೆಯೂ ಜೀವಿಯೇ ಎಂಬ ನಮ್ಮ ಮನೆಗಳ ಇಕ್ಕಟ್ಟನ್ನು ಬಿಡಿಸುವ ಹೊಣೆಯನ್ನು ಮಾತ್ರ ಅವರ ಮೇಲೆ ಹೊರಿಸಲಾಗದು!)

ಅಂಕಿ-ಅಂಶಗಳ ಭಾರ ಹೊತ್ತ ಕಾವ್ಯಕ್ಕೆ ವರದಿಯಾಗುವ ಅಪಾಯ ಯಾವಾಗಲೂ ಇದೆ. ಆದರೂ ಅಮೆರಿಕೆಯ ಎನ್.ಪಿ.ಆರ್. ಬಾನುಲಿ ಇದನ್ನು 2014ರ ಉತ್ತಮ ಗ್ರಂಥಗಳಲ್ಲಿ ಎಣಿಸಿದುದು ಉಚಿತವೇ ಆಗಿದೆ.

ನಮ್ಮ ಬಸದಿಗಳ ಗ್ರಂಥಭಂಡಾರಗಳು ಈ ಲೇಖಕರ ಒಂದೇ ಪುಸ್ತಕವನ್ನು ಕೊಳ್ಳುವುದಾದರೆ ಅದು ಮಲೇರಿಯಾ ಸಂಕಲನವಾಗಿರಲಿ. ಆತ್ಮಕಥೆಯನ್ನು ತರುಣರು ಹೇಗೂ ತಾವೇ ಹುಡುಕಿ ಓದುತ್ತಾರೆ.