ರಾಶಿಗಿಂತ ಮುಂಚೆ ಬರುವ ತೊಗರಿ

ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಯಾದಗಿರಿ ಸೀಮೆಯ ತೊಗರಿ ಕಾಯಿ ಬಲಿತು ನಿಂತಿರುತ್ತದೆ. ಮುಂಗಾರಿನಲ್ಲಿ ಬಿತ್ತಿದ ಪೈರು ನೆಟೆರೋಗ, ಕಾಯಿಕೊರಕ ಹುಳು, ಮಂಜು ಎಲ್ಲವನ್ನೂ ತಡೆದುಕೊಂಡು ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ರಾಮಸಮುದ್ರದ ರೈತ ಅದನ್ನು ಯಾದಗಿರಿಯ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ತರುವಷ್ಟರಲ್ಲಿ, ಆಗಸ್ಟ್ ಆಸುಪಾಸಿನಲ್ಲೇ ಕಟಾವಾದ ಮೊಜಾಂಬಿಕ್‌ನ ತೊಗರಿ ನಮ್ಮ ಬಂದರುಗಳಲ್ಲಿ ಇಳಿದು ದಾಲ್ ಮಿಲ್ಲುಗಳ ಗೋದಾಮು ಸೇರಿರುತ್ತದೆ.

2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ಜೊತೆ ಮಾಡಿಕೊಂಡ ಬೇಳೆಕಾಳು ಒಪ್ಪಂದವನ್ನು ಅಳೆಯಬೇಕಾದದ್ದು ಈ ಕಾಲಮಾನದಿಂದ. ಹಿಂದಿನ ವರ್ಷ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆ ಗಾಬರಿಯಲ್ಲಿ ವರ್ಷಕ್ಕೆ 1 ಲಕ್ಷ ಟನ್ನಿಂದ ಶುರುಮಾಡಿ 2020–21ಕ್ಕೆ 2 ಲಕ್ಷ ಟನ್‌ಗೆ ಏರಿಸುವ ಮಾತಾಯಿತು. ಕೊಳ್ಳುವವರ ಅಡುಗೆಮನೆಯ ಕಷ್ಟ ಸಣ್ಣದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅದೇ ಹಂಗಾಮಿನಲ್ಲಿ ದೇಶದಲ್ಲಿ ತೊಗರಿ ದಾಖಲೆ ಬೆಳೆ ಬಂದು ದರ ಕುಸಿಯಿತು.

2017ರ ಆಗಸ್ಟ್‌ನಲ್ಲಿ ಕೇಂದ್ರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಸರ್ಕಾರದ ಒಪ್ಪಂದದ ಬಾಬತ್ತಿಗೆ ಆ ಮಿತಿ ಅನ್ವಯಿಸಲಿಲ್ಲ. ಆದರೂ ಮೊಜಾಂಬಿಕ್‌ನ ಸಣ್ಣ ರೈತರ ಪಾಲಿಗೆ ದರ ನೆಲಕಚ್ಚಿತು. ತಾವು ಹೆಚ್ಚು ಉಣ್ಣದ ಬೆಳೆಯನ್ನು ಭಾರತ ಕೊಳ್ಳುತ್ತದೆ ಎಂಬ ಭರವಸೆಯ ಮೇಲೆಯೇ ಅವರು ಬೆಳೆದಿದ್ದರು. ಒಂದೇ ವರ್ಷದಲ್ಲಿ ಅಲ್ಲಿನ ರೈತನೂ ಇಲ್ಲಿನ ರೈತನೂ ಸೋತರು. ಇಬ್ಬರೂ ಮಳೆ ನಂಬಿದವರು, ಇಬ್ಬರಿಗೂ ಕಾಳು ಕಾಪಿಟ್ಟುಕೊಳ್ಳುವ ಶಕ್ತಿಯಿಲ್ಲ. ಆಫ್ರಿಕಾದವರು ನಮ್ಮ ಅನ್ನ ಕಸಿದರು ಎಂಬ ಮಾತನ್ನು ಆದ್ದರಿಂದಲೇ ನಾನು ಒಪ್ಪಲಾರೆ.

ಮೊಜಾಂಬಿಕ್‌ನಂಥ ಹಿಂದುಳಿದ ದೇಶಗಳ ಸರಕಿಗೆ ಸುಂಕ ಬಿಡುವ ಯೋಜನೆಯನ್ನು ಭಾರತ 2008ರಲ್ಲೇ ತಂದಿತ್ತು. ಉದ್ದೇಶ ಒಳ್ಳೆಯದು. ಆದರೆ ಬಿಟ್ಟ ಸುಂಕ ಅಲ್ಲಿನ ಹೊಲದವರೆಗೆ ಹೋಗುತ್ತದೆಯೇ, ನಡುವಿನ ವ್ಯಾಪಾರಿಯಲ್ಲೇ ನಿಲ್ಲುತ್ತದೆಯೇ ಎಂದು ನೋಡುವ ಏರ್ಪಾಡು ಬೇಕಿತ್ತು.

2021ರಲ್ಲಿ ಒಪ್ಪಂದ ಮತ್ತೆ ಐದು ವರ್ಷಕ್ಕೆ ಮುಂದುವರಿಯಿತು. ಮಲಾವಿ, ಮ್ಯಾನ್ಮಾರ್ ಜೊತೆಗೂ ಅಂಥದೇ ಒಪ್ಪಂದಗಳಾದವು. 2025ರ ಜನವರಿಯಲ್ಲಿ, ಗಂಜಿನಲ್ಲಿ ಹೊಸ ತೊಗರಿಯ ಚೀಲ ಇಳಿಯುತ್ತಿದ್ದಾಗಲೇ, ಸುಂಕರಹಿತ ಆಮದನ್ನು ಇನ್ನೊಂದು ವರ್ಷ ವಿಸ್ತರಿಸಿದ ಆದೇಶ ಹೊರಬಿತ್ತು. ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, ಪೇಟೆಯ ದರ ಅದಕ್ಕಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು.

ಒಪ್ಪಂದವನ್ನು ಹರಿದುಹಾಕಿ ಎಂದು ನಾನು ಕೇಳುವುದಿಲ್ಲ. ಹೊರಗಿನ ತೊಗರಿಯನ್ನು ಸರ್ಕಾರವೇ ನ್ಯಾಯವಾದ ದರಕ್ಕೆ ಕೊಂಡು, ನಮ್ಮ ರಾಶಿ ಮಾರಿ ಮುಗಿಯುವವರೆಗೆ ಗೋದಾಮಿನಲ್ಲಿಟ್ಟು, ಮುಂಗಾರಿನ ಹೊತ್ತಿಗೆ ಪೇಟೆಗೆ ಬಿಡಲಿ. ಮುಂದಿನ ಸಹಿಗೆ ಮೊದಲು ದೆಹಲಿಯ ಅಧಿಕಾರಿಗಳು ಜನವರಿಯಲ್ಲಿ ಒಂದು ದಿನ ಯಾದಗಿರಿಯ ಗಂಜಿಗೆ ಬಂದು ಹರಾಜು ನೋಡಲಿ.