ಟ್ಯಾಂಕಿನ ಮೇಲೆ ಕೂತ ಚಾರ್ಲಿ

'777 ಚಾರ್ಲಿ' ಬಗ್ಗೆ ಈಗ ಬರೆಯೋದು ತಡ ಆಯ್ತು ಅಂತ ನನಗೂ ಗೊತ್ತು. 2022ರ ಜೂನ್ 10ಕ್ಕೆ ತೆರೆಗೆ ಬಂದ ಸಿನಿಮಾ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಅದನ್ನು ನೋಡಿ, ತೀರಿಹೋದ ತಮ್ಮ ಮನೆಯ ನಾಯಿಯನ್ನು ನೆನೆದು ಕಣ್ಣೀರು ಹಾಕಿದರು. ರಾಜ್ಯ ಸರ್ಕಾರ ಆರು ತಿಂಗಳು ತೆರಿಗೆ ವಿನಾಯಿತಿ ಕೊಟ್ಟಿತು. ಮರುವರ್ಷ 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಅಂತ ಅದೇ ಆಯ್ಕೆಯಾಯಿತು. ಬರೆಯುವವರೆಲ್ಲ ಬರೆದು ಮುಗಿಸಿದ ಮೇಲೆ ನಾನು ಯಾಕೆ ಕೂತಿದ್ದೇನೆ ಅಂದ್ರೆ, ನನ್ನ ತಕರಾರು ಹುಟ್ಟಿದ್ದು ಟಾಕೀಸಿನಲ್ಲಿ ಅಲ್ಲ. ಆಳಂದದಿಂದ ಅಫಜಲಪುರಕ್ಕೆ ಹೋಗುವ ರಸ್ತೆಯ ಮೇಲೆ, ಒಂದು ಬೇವಿನ ಗಿಡದ ಕೆಳಗೆ.

ಮೊದಲು ಸಿನಿಮಾದ ಮಾತು. ಕಿರಣ್‌ರಾಜ್ ಕೆ. ನಿರ್ದೇಶನ, ರಕ್ಷಿತ್ ಶೆಟ್ಟಿ ಧರ್ಮನ ಪಾತ್ರ. ಯಾರೂ ಬೇಡ ಅಂತ ಒಬ್ಬನೇ ಬದುಕುವ ಕಾರ್ಖಾನೆ ಕೆಲಸಗಾರ. ಇಡ್ಲಿ, ಸಿಗರೇಟು, ಟಿವಿಯಲ್ಲಿ ಚಾಪ್ಲಿನ್. ಅವನ ಬಾಗಿಲಿಗೆ ಒಂದು ಲ್ಯಾಬ್ರಡಾರ್ ಬರುತ್ತದೆ. ದುಡ್ಡಿಗಾಗಿ ನಾಯಿ ಹುಟ್ಟಿಸಿ ಮಾರುವವನ ಕೈಯಿಂದ ತಪ್ಪಿಸಿಕೊಂಡು ಬಂದದ್ದು. ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಳ್ಳುವ ಹೊತ್ತಿಗೆ ಅದಕ್ಕೆ ಕ್ಯಾನ್ಸರ್ ಅಂತ ತಿಳಿಯುತ್ತದೆ. ಟಿವಿಯಲ್ಲಿ ಹಿಮ ಕಂಡರೆ ಕಣ್ಣು ಕೀಳದ ನಾಯಿಗೆ ನಿಜವಾದ ಹಿಮ ತೋರಿಸಬೇಕು ಅಂತ ಧರ್ಮ ಬೈಕಿಗೆ ಸೈಡ್‌ಕಾರ್ ಕಟ್ಟಿ ಉತ್ತರಕ್ಕೆ ಹೊರಡುತ್ತಾನೆ.

ಕಲಬುರಗಿಯಲ್ಲಿ ನಮ್ಮಣ್ಣನ ಮಗನ ಜೊತೆ ನೋಡಿದೆ. ಅತ್ತೆ. ಮುಚ್ಚಿಡೋದೇನಿಲ್ಲ. ಮನೆಗೆ ಬಂದಾಗ ನಮ್ಮ ಚಿನ್ನಿ ಬಾಗಿಲಿಗೇ ಓಡಿ ಬಂತು. ಚಿನ್ನಿ ಅಂದ್ರೆ ಐದಾರು ಕಿಲೋ ತೂಗುವ ಬಿಳಿ ನಾಯಿ. ನಮ್ಮ ಕಡೆ ಬಿಳಿ ತುಪ್ಪಳ ಇದ್ದ ಸಣ್ಣ ನಾಯಿ ಎಲ್ಲ ಪಮೇರಿಯನ್ನೇ, ಅದರ ಅಪ್ಪ-ಅವ್ವ ಯಾರು ಅಂತ ಯಾರೂ ಕೇಳಲ್ಲ. ಹುಡುಗ ಅದನ್ನು ಎತ್ತಿಕೊಂಡು, "ಕಾಕಾ, ಇದಕ್ಕೂ ಗಾಡಿ ಮ್ಯಾಲ ಕೂಡೋದು ಕಲಸೋಣು" ಅಂದ. ಕಲಿಸಬೇಕಾಗಿ ಬರಲೇ ಇಲ್ಲ. ಒಂದು ದಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟರೆ ಹುಟ್ಟಾ ಸವಾರನ ಹಾಗೆ ಕೂತಿತು. ಕಿವಿ ಹಿಂದಕ್ಕೆ, ಮೂಗು ಮುಂದಕ್ಕೆ. ಬೀಗದ ಕೈ ಜಣ್ ಅಂದರೆ ಸಾಕು, ಬಾಗಿಲಲ್ಲಿ ಹಾಜರು. ಓಣಿಯ ಹುಡುಗರು ಚಾರ್ಲಿ, ಚಾರ್ಲಿ ಅಂತ ಕೂಗೋರು. ನನಗೂ ಒಂದು ಠೀವಿ.

ನಾನೊಬ್ಬನೇ ಅಲ್ಲ. ಜೇವರ್ಗಿಯಲ್ಲಿ ಒಬ್ಬ ಗೆಳೆಯರು ತಮ್ಮ ಪಗ್ ನಾಯಿಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಕಟ್ಟಿಸಂಗಾವಿಯ ಭೀಮಾ ಸೇತುವೆ ತನಕ ಹೋಗಿ ಬರ್ತಿದ್ದರು. ಆ ನಾಯಿಗೆ ನಮ್ಮಲ್ಲಿ 'ಹಚ್ ನಾಯಿ' ಅಂತಲೇ ಹೆಸರು. 2003ರಲ್ಲಿ ಬಂದ ಹಚ್ ಮೊಬೈಲ್ ಜಾಹೀರಾತಿನ ಮಹಿಮೆ. ಆ ಜಾಹೀರಾತು ನೆನಪಿದೆಯಾ? ಹುಡುಗ ನಡೆದು ಹೋಗ್ತಾನೆ, ಪಗ್ ಅವನ ಹಿಂದೆ ತನ್ನ ಕಾಲಿನ ಮೇಲೆ ತಾನು ಹೋಗ್ತದೆ. ನಮಗೆ ಬಂದದ್ದು ನಾಯಿ ಮಾತ್ರ. ಅದರ ಚಪ್ಪಟೆ ಮೂಗಿನಲ್ಲಿ ಉಸಿರಾಡೋದೇ ಒಂದು ಕೆಲಸ, ಸೆಕೆಯಲ್ಲಿ ಬೇರೆ ನಾಯಿಗಿಂತ ಬೇಗ ಸೋಲ್ತದೆ ಅನ್ನೋ ಮಾತು ಜೊತೆಗೆ ಬರಲಿಲ್ಲ.

ಇರಲಿ. ಮರುವರ್ಷದ ಬೇಸಿಗೆ. ಅಫಜಲಪುರದಲ್ಲಿ ತಂಗಿ ಮನೆಯಲ್ಲಿ ಕುಬಸ. ಒಂದೂವರೆ ತಾಸಿನ ದಾರಿ. ಬೆಳಗಿನ ಆರಕ್ಕೆ ಹೊರಡಬೇಕು ಅಂದುಕೊಂಡದ್ದು ಹತ್ತೂವರೆ ಆಯ್ತು. ಚಿನ್ನಿ ಮುಂದೆ, ಹುಡುಗ ಹಿಂದೆ. ತೊಗರಿ ಕಿತ್ತು ಎಷ್ಟೋ ದಿನ ಆಗಿದ್ದ ಎರೆಹೊಲ ಎರಡೂ ಕಡೆ ಬಾಯಿ ಬಿಟ್ಟಿತ್ತು. ಅರ್ಧ ದಾರಿಗೆ ಚಿನ್ನಿ ತೇಕೋದು ಜೋರಾಯ್ತು. ಗಾಳಿ ಕುಡೀಲಿಕ್ಕತ್ತದ ಅಂತ ನಾವು ನಕ್ಕೆವು. ಸ್ವಲ್ಪ ಹೊತ್ತಿಗೆ ಅದರ ತಲೆ ನನ್ನ ಮುಂಗೈ ಮೇಲೆ ಬಿತ್ತು. ಬಾಯಿಂದ ಅಂಟಂಟು ಜೊಲ್ಲು, ಒಸಡು ಕೆಂಪಗೆ ಕೆಂಡ.

ಬೇವಿನ ಗಿಡ ಕಂಡಲ್ಲಿ ನಿಲ್ಲಿಸಿದೆ. ಹೊಲದಲ್ಲಿದ್ದ ಒಬ್ಬ ಅವ್ವ ಕೊಡ ತಂದು ಅದರ ಹೊಟ್ಟೆಗೆ, ಪಾದಕ್ಕೆ ನೀರು ಹೊಯ್ದು ಸೆರಗಿನಿಂದ ಗಾಳಿ ಬೀಸಿದಳು. ನನ್ನ ಕಡೆ ನೋಡಿ ಕೇಳಿದಳು: "ನಿನ್ನ ತಲಿಗಿ ಟಾವೆಲ್ ಸುತ್ಕೊಂಡಿ. ಅದಕ್ಕೇನ್ ಕಟ್ಟೀದಿ, ತಮ್ಮಾ?"

ನಾನು ಓದಿದ ಯಾವ ವಿಮರ್ಶೆಯಲ್ಲೂ ಇಂಥ ಪ್ರಶ್ನೆ ಇರಲಿಲ್ಲ.

ಯಾರದೋ ಜೀಪಿನಲ್ಲಿ ಅಫಜಲಪುರ ಮುಟ್ಟಿಸಿದೆವು. ದನದ ಡಾಕ್ಟ್ರು ಸಲಾಯಿನ್ ಹಚ್ಚಿದರು. "ಗಾಳಿ ಬಡೀತದ, ತಂಪಿರ್ತದ ಅಂದ್ಕೊಂಡಿದ್ದೆರಿ ಸಾಹೇಬ್ರ" ಅಂದೆ. "ಈ ಗಾಳಿ ಎಲ್ಲಿ ತಂಪ್ರೀ? ಒಲಿ ಊದಿದಂಗ ಅದ" ಅಂದರು. ಆಮೇಲೆ ಬಿಡಿಸಿ ಹೇಳಿದರು. ನಾಯಿಯ ಮೈ ನಮ್ಮ ಹಾಗೆ ಬೆವರಲ್ಲ, ಬೆವರೋದು ಪಾದದಡಿ ಅಷ್ಟೇ. ಅದು ನಾಲಿಗೆ ಚಾಚಿ ತೇಕಿ, ಬಾಯಿಯ ತೇವ ಆರಿಸಿ ಮೈ ತಂಪು ಮಾಡಿಕೊಳ್ಳಬೇಕು. ಅದರ ಮೈಶಾಖವೇ 38-39 ಡಿಗ್ರಿ. ಹೊರಗೆ 42 ಇದ್ದಾಗ ಬೀಸುವ ಗಾಳಿ ಶಾಖ ಕಳೆಯೋದಲ್ಲ, ತುಂಬೋದು. ಅದರ ಮೇಲೆ ಎರಡು ಪದರದ ತುಪ್ಪಳ, ಕೆಳಗೆ ಬಿಸಿಲಿಗೆ ಕಾದ ಕಬ್ಬಿಣದ ಟ್ಯಾಂಕು. ನಾವು ಅದನ್ನು ಹಂಚಿನ ಮೇಲೆ ಕೂರಿಸಿಕೊಂಡು ಹೊರಟಿದ್ದೆವು.

ಚಿನ್ನಿ ಬದುಕಿತು. ಅದಾದ ವಾರಕ್ಕೆ ಮೊಬೈಲಿನಲ್ಲಿ ಮತ್ತೆ '777 ಚಾರ್ಲಿ' ಹಾಕಿಕೊಂಡು ಕೂತೆ. ಸಿನಿಮಾ ನನ್ನನ್ನು ದಾರಿ ತಪ್ಪಿಸಿತಾ, ನಾನೇ ತಪ್ಪಿದೆನಾ ಅಂತ ನೋಡಬೇಕಿತ್ತು.

ಮೊದಲು ಸಿನಿಮಾದ ಪರವಾಗಿ. ಧರ್ಮ ನಾಯಿಯನ್ನು ಟ್ಯಾಂಕಿನ ಮೇಲೆ ಕೂರಿಸಲ್ಲ, ಸೈಡ್‌ಕಾರ್ ಮಾಡಿಸುತ್ತಾನೆ. ಇದು ಸಣ್ಣ ವಿಷಯ ಅಲ್ಲ. ನಾಯಿಯನ್ನು ಕರೆದುಕೊಂಡು ಹೋಗೋದು ಅಂದ್ರೆ ಮೊದಲು ಅದಕ್ಕೊಂದು ಜಾಗ ಮಾಡೋದು ಅನ್ನೋದನ್ನು ಸಿನಿಮಾ ಒಂದು ಮಾತೂ ಆಡದೆ ತೋರಿಸಿದೆ. ಆದರೆ ಇದರಲ್ಲೇ ಒಂದು ಸಂಗತಿ ಅಡಗಿದೆ. ಲ್ಯಾಬ್ರಡಾರ್ ಇಪ್ಪತ್ತೈದು, ಮೂವತ್ತು ಕಿಲೋ ತೂಗುವ ನಾಯಿ. ಅದಕ್ಕೆ ಜಾಗ ಮಾಡದೆ ಗತಿಯೇ ಇಲ್ಲ. ಸಣ್ಣ ನಾಯಿಗೆ ಆ ಪುಣ್ಯ ಇಲ್ಲ. ಅದು ಟ್ಯಾಂಕಿನ ಮೇಲೂ ಹಿಡಿಸ್ತದೆ, ಎರಡು ಕಾಲಿನ ನಡುವೆಯೂ, ಕೈಚೀಲದಲ್ಲೂ. ಎಲ್ಲೆಂದರಲ್ಲಿ ಹಿಡಿಸುವ ಜೀವಕ್ಕೆ ಯಾರೂ ಬೇರೆ ಜಾಗ ಮಾಡಲ್ಲ. ಸಿನಿಮಾ ನೋಡಿದ ನಾವು ಪ್ರಯಾಣ ಕಲಿತೆವು, ಸೈಡ್‌ಕಾರ್ ಬಿಟ್ಟೆವು. ಇಷ್ಟಕ್ಕೆ ಕಿರಣ್‌ರಾಜ್ ಅವರನ್ನು ಬೈಯೋದು ನ್ಯಾಯ ಅಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಮೊದಲರ್ಧದಲ್ಲಿ ಸಿನಿಮಾ ನಾಯಿಯ ಮೈಯನ್ನು ಎಷ್ಟು ಹತ್ತಿರದಿಂದ ನೋಡುತ್ತದೆ! ಅದರ ಹಸಿವು, ಅದು ಮನೆ ತುಂಬ ಮಾಡುವ ರಾಡಿ, ರಕ್ತಸಂಬಂಧದಲ್ಲೇ ಮರಿ ಹಾಕಿಸುವ ದಂಧೆ ಅದರ ಮೈಗೆ ತಂದಿಟ್ಟ ರೋಗ. ಕನ್ನಡದಲ್ಲಿ ನಾಯಿಯ ಬಗ್ಗೆ ಇಷ್ಟು ತಿಳಿದು ಮಾಡಿದ ಸಿನಿಮಾ ನಾನು ನೋಡಿಲ್ಲ. ಆದರೆ ಬೈಕು ಹೊರಟ ಕೂಡಲೇ ಕ್ಯಾಮೆರಾ ಮೇಲಕ್ಕೆ ಏರಿಬಿಡ್ತದೆ. ಆಕಾಶ, ಉದ್ದನೆಯ ರಸ್ತೆ, ನೋಬಿನ್ ಪೌಲ್ ಅವರ ಹಾಡು. ಅರವಿಂದ್ ಕಶ್ಯಪ್ ಕಣ್ಣಲ್ಲಿ ದೇಶ ಚೆಂದ ಕಾಣ್ತದೆ, ಅದು ಸುಳ್ಳಲ್ಲ. ಆದರೆ ಆ ಹೊತ್ತು ನಾಯಿಯ ಮೈ ಎಲ್ಲಿ ಹೋಯ್ತು? ಕಾಯಿಲೆಯ ನಾಯಿ ದಿನಕ್ಕೆ ಎಷ್ಟು ತಾಸು ಗಾಡಿಯಲ್ಲಿ ಕೂತಿತು? ಎಷ್ಟು ಹೊತ್ತಿಗೊಮ್ಮೆ ನೀರು? ಮಧ್ಯಾಹ್ನ ಎಲ್ಲಿ ಮಲಗಿತು? ಕರ್ನಾಟಕದಿಂದ ಹಿಮಾಲಯಕ್ಕೆ ರಸ್ತೆ ಹಿಡಿದರೆ ಬಿಸಿಲ ಸೀಮೆ ದಾಟದೆ ಆಗಲ್ಲ. ಸಿನಿಮಾದಲ್ಲಿ ಬಿಸಿಲು ಒಂದು ಬಣ್ಣ. ನಮ್ಮಲ್ಲಿ ಅದು ಶಾಖ. ಇವನ್ನೆಲ್ಲ ತೋರಿಸಿದ್ದರೆ ಕತೆ ನಿಲ್ಲುತ್ತಿತ್ತು ಅಂತೀರಾ? ಇಡ್ಲಿ ತಿನ್ನೋದನ್ನೇ ಕತೆ ಮಾಡಬಲ್ಲ ನಿರ್ದೇಶಕನಿಗೆ ನೀರು ಕುಡಿಸೋದು ಕತೆ ಆಗ್ತಿರಲಿಲ್ಲವಾ?

ಎರಡನೆಯದು ಇನ್ನೂ ಆಳದ್ದು. ಸಿನಿಮಾ ಇಡೀ ನಿಂತಿರೋದು ಒಂದು ನಂಬಿಕೆಯ ಮೇಲೆ: ನಾಯಿಗೆ ಹಿಮ ನೋಡುವ ಆಸೆ ಇದೆ. ಅದು ಟಿವಿ ನೋಡಿದ್ದನ್ನು ಧರ್ಮ ಹಾಗೆ ಅರ್ಥ ಮಾಡಿಕೊಂಡ. ಅರ್ಥ ಮಾಡಿಕೊಳ್ಳಲಿ, ಪ್ರೀತಿ ಅಂದ್ರೆ ಅದೇ ತಾನೆ. ಆದರೆ ಇದು ನಾಯಿಯ ಆಸೆಯೋ, ನಿನ್ನದೋ ಅಂತ ಕೇಳುವವರು ಒಬ್ಬರಾದರೂ ಕತೆಯಲ್ಲಿ ಬೇಕು. ಅಂಥವಳು ಇದ್ದಾಳೆ. ಸಂಗೀತಾ ಶೃಂಗೇರಿ ಮಾಡಿದ ದೇವಿಕಾ, ಪ್ರಾಣಿ ಕಲ್ಯಾಣದ ಅಧಿಕಾರಿ. ಅನುಮಾನ ಇಟ್ಟುಕೊಂಡೇ ಅವನ ಹಿಂದೆ ಬರ್ತಾಳೆ. ಅವನ ಪ್ರೀತಿ ಕಂಡು ಕರಗಿಬಿಡ್ತಾಳೆ. ಅವಳು ಕರಗಿದ ಮೇಲೆ ಕೇಳೋರು ಯಾರೂ ಉಳಿಯಲ್ಲ. ಪ್ರೀತಿ ನಿಜ ಅಂತ ಗೊತ್ತಾದ ಕೂಡಲೇ ಪ್ರಶ್ನೆ ಮುಗಿಯಿತು ಅಂತ ಸಿನಿಮಾ ತಿಳಿದಿದೆ. ಆ ಬೇವಿನ ಗಿಡದ ಕೆಳಗೆ ನನ್ನ ಪ್ರೀತಿಯೂ ನಿಜವೇ ಇತ್ತು. ಚಿನ್ನಿ ಸಾಯಲಿಕ್ಕೆ ಬಂದಿದ್ದೂ ಅದೇ ಪ್ರೀತಿಯ ಕೈಯಲ್ಲಿ.

ತೇಜಸ್ವಿಯವರ 'ಕರ್ವಾಲೊ'ದ ಕಿವಿ ನೆನಪಾಗ್ತದೆ. ಆ ನಾಯಿ ಯಾರ ಒಂಟಿತನ ನೀಗಿಸಲೂ ಬಂದದ್ದಲ್ಲ. ಕಾಡಿನಲ್ಲಿ ಅದಕ್ಕೆ ಅದರದೇ ಕೆಲಸ, ಅದರದೇ ಮೂಗು, ಅದರದೇ ಎಡವಟ್ಟು. ಲೇಖಕ ಅದರ ಆಸೆ ಏನು ಅಂತ ಊಹಿಸಲಿಕ್ಕೆ ಹೋಗಲ್ಲ, ಅದು ಏನು ಮಾಡ್ತು ಅಂತ ನೋಡ್ತಾರೆ. 2020ರಲ್ಲಿ ಬಂದ 'ನಾನು ಮತ್ತು ಗುಂಡ'ದಲ್ಲಿ ಶಿವರಾಜ್ ಕೆ.ಆರ್. ಪೇಟೆಯವರದು ಆಟೋ ಓಡಿಸುವವನ ಪಾತ್ರ. ಅಲ್ಲಿ ಕಣ್ಣೀರು ಇನ್ನೂ ಜಾಸ್ತಿಯೇ. ಆದರೆ ಆಟೋಕ್ಕೆ ಒಂದು ಮಾಡು ಇದೆ ಅಂತ ಈಗ ನನಗೆ ಹೊಳೀತದೆ.

ನಮ್ಮ ದೇವರುಗಳು ಈ ವಿಷಯದಲ್ಲಿ ಜಾಣರು. ಮೈಲಾರಲಿಂಗ ಕುದುರೆ ಮೇಲೆ, ನಾಯಿ ಕೆಳಗೆ ತನ್ನ ಕಾಲಿನ ಮೇಲೆ. ಆಳಂದದ ಅಮರ್ಜಾ ಹರಿದು ಹೋಗಿ ಭೀಮೆಯನ್ನು ಕೂಡೋದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ. ಅಲ್ಲಿಯ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿ, ಅವೇ ನಾಲ್ಕು ವೇದ ಅಂತಾರೆ. ಮಧ್ಯಾಹ್ನದ ಹೊತ್ತಿಗೆ ದತ್ತ ಯಾವ ರೂಪದಲ್ಲಾದರೂ ಭಿಕ್ಷೆಗೆ ಬರ್ತಾನೆ ಅನ್ನೋ ನಂಬಿಕೆಯಿಂದ ಜನ ಅಲ್ಲಿ ನಾಯಿಯನ್ನೂ ಹೊಡೆದು ಓಡಿಸಲ್ಲ. ನಾಯಿ ಇದ್ದಲ್ಲಿಗೆ ಅನ್ನ ಹೋಗ್ತದೆ. ಅದೇ ಮಧ್ಯಾಹ್ನ ನಾನು ನಾಯಿಯನ್ನು ಟ್ಯಾಂಕಿನ ಮೇಲೆ ಏರಿಸಿದ್ದೆ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಣಿಗೆ ನೋವಾಗುವ ರೀತಿಯಲ್ಲಿ ವಾಹನದಲ್ಲಿ ಸಾಗಿಸೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅಂದ್ರೆ ಅರ್ಧ ಲೀಟರ್ ಪೆಟ್ರೋಲಿನ ದುಡ್ಡೂ ಅಲ್ಲ. ಕಾಯ್ದೆ ನಮ್ಮನ್ನು ತಡೆಯಲಿ ಅಂತ ಕಾದರೆ ಆಗಲ್ಲ.

ಹಾಗಾದ್ರೆ ಸಿನಿಮಾ ನೋಡಬೇಡಿ ಅಂತೀನಾ? ಇಲ್ಲ. ನೋಡಿ, ಅಳಿ. ಸಾಕೋದಾದ್ರೆ ಬೀದಿಯ ಮರಿ ತಂದು ಸಾಕಿ ಅನ್ನೋ ಬುದ್ಧಿ ಅದರಿಂದ ಬಂದರೆ ಅದೇ ದೊಡ್ಡ ಮಾತು. ಆದರೆ ಸಿನಿಮಾ ಹೇಳದೆ ಬಿಟ್ಟ ಒಂದು ಮಾತು ನಾನು ಚಿನ್ನಿಯಿಂದ ಕಲಿತೆ, ಅದನ್ನು ಹೇಳಿ ಮುಗಿಸ್ತೀನಿ.

ಅಷ್ಟು ಆದ ಮೇಲೆ ಅದು ಗಾಡಿ ಕಂಡರೆ ಹೆದರ್ತದೆ, ಮಂಚದ ಕೆಳಗೆ ಸೇರ್ತದೆ ಅಂದುಕೊಂಡಿದ್ದೆ. ಇಲ್ಲ. ಹತ್ತು ದಿನಕ್ಕೆ ಬೀಗದ ಕೈ ಜಣ್ ಅಂದಾಗ ಮತ್ತೆ ಬಾಗಿಲಿಗೆ ಓಡಿ ಬಂತು. ಬಾಲ ಅಲ್ಲಾಡಿಸ್ತಾ, ಟ್ಯಾಂಕಿನ ಕಡೆ ನೋಡ್ತಾ. ಅದು ನನಗೆ ಖುಷಿ ಆಗಲಿಲ್ಲ, ಎದೆ ಧಸಕ್ ಅಂತು. ಅದು ಖುಷಿಯಿಂದ ಬರ್ತದೆ, ಹಾಗಾಗಿ ಅದಕ್ಕೆ ಒಳ್ಳೇದೇ ಇರಬೇಕು ಅಂತ ನಾವು ಲೆಕ್ಕ ಹಾಕ್ತೀವಿ. ಸಿನಿಮಾದ ಲೆಕ್ಕವೂ ಅದೇ. ಚಿನ್ನಿಗೆ ಆ ಮಧ್ಯಾಹ್ನದ ನೆನಪೇ ಇದ್ದಂತಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ನನ್ನದು.

ಈಗ ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೆ ಮೊದಲು ಮಾತ್ರ ಹೋಗ್ತೀವಿ. ಹಿಂದಿನ ಸೀಟಿಗೆ ತರಕಾರಿಯ ಪ್ಲಾಸ್ಟಿಕ್ ಕ್ರೇಟು ಬಿಗಿದು, ಒಳಗೆ ಒದ್ದೆ ಗೋಣಿಚೀಲ ಹಾಸಿ, ನೀರಿನ ಬಾಟ್ಲಿ ಇಟ್ಟುಕೊಂಡು, ಊರ ಹೊರಗೆ ಎರಡು ಮೂರು ಕಿಲೋಮೀಟರ್. ಅಲ್ಲಿ ಇಳಿಸಿದರೆ ತಾನೇ ಓಡ್ತದೆ. ಜೇವರ್ಗಿಯ ಗೆಳೆಯರಿಗೂ ಹೇಳಿದ್ದೀನಿ, ಅವರ ಪಗ್ ಈಗ ಸಂಜೆ ಓಣಿಯಲ್ಲಿ ನಡೆದಾಡ್ತದೆ. ಹಗಲು ಗಾಡಿಯ ಬೀಗದ ಕೈಯನ್ನು ಒಂದು ಅರಿವೆಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ತೀನಿ, ಸಪ್ಪಳ ಆಗದ ಹಾಗೆ.