ಸ್ಟಡ್ ಹೋದರೆ ಹೋಗಲಿ, ಕೇಸ್ ಉಳಿಯಲಿ

ಇಂಜಿನ್ ಕೇಸ್ ಅಲ್ಯೂಮಿನಿಯಂನದು, ಅದರಲ್ಲಿ ಕೂರುವ ಸ್ಟಡ್ ಉಕ್ಕಿನದು. ಹಳೆಯ ಇಂಜಿನ್ ಬಿಚ್ಚುವವರ ತಲೆನೋವು ಹುಟ್ಟುವುದೇ ಈ ಎರಡು ಲೋಹಗಳ ಸಹವಾಸದಿಂದ. ನಡುವೆ ತೇವ ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶ ಏರ್ಪಡುತ್ತದೆ. ಅದರಲ್ಲಿ ಕರಗುವ ಸರದಿ ಅಲ್ಯೂಮಿನಿಯಂನದು. ಆಗ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಥ್ರೆಡ್‌ಗಳ ಸಂದನ್ನೆಲ್ಲ ತುಂಬಿ ಸ್ಟಡ್ಡನ್ನು ಬಿಗಿಹಿಡಿಯುತ್ತದೆ. ವರ್ಷಗಟ್ಟಲೆ ಮಳೆಗೆ ನಿಂತ ಗಾಡಿಯಲ್ಲಿ, ಕರಾವಳಿಯ ಉಪ್ಪುಗಾಳಿ ತಿಂದ ಗಾಡಿಯಲ್ಲಿ ಈ ಹಿಡಿತ ಇನ್ನೂ ಬಲ.

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಟೂ-ಸ್ಟ್ರೋಕ್ ಇಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಕಾರ್ಖಾನೆ ಮುಚ್ಚಿ ದಶಕಗಳಾದವು. ಒಳ್ಳೆಯ ಹಳೆಯ ಕೇಸ್ ಹುಡುಕಿ ತರಬೇಕಾದ ವಸ್ತು. ಸ್ಟಡ್ ಹಾಗಲ್ಲ, ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಸಿಕೊಳ್ಳಬಹುದು. ಆದ್ದರಿಂದ ಈ ಕೆಲಸದ ಗುರಿ ಸ್ಟಡ್ ಉಳಿಸುವುದಲ್ಲ, ಕೇಸಿನ ಥ್ರೆಡ್ ಉಳಿಸುವುದು. ಮೃದುವಾದ ಉಪಾಯ ಮೊದಲು, ಕಟುವಾದದ್ದು ಕೊನೆಗೆ ಎಂಬ ಕ್ರಮ ಹುಟ್ಟಿದ್ದು ಈ ಲೆಕ್ಕಾಚಾರದಿಂದಲೇ.

ಮೊದಲ ಹೆಜ್ಜೆ ಶುಚಿ. ಸ್ಟಡ್ಡಿನ ಬುಡದ ಮಣ್ಣು, ಗ್ರೀಸು, ಬಿಳಿ ಪುಡಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಎಣ್ಣೆಗೆ ಒಳದಾರಿ ಸಿಗದು. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಸಿಲಿಂಡರ್ ಎತ್ತಿದ ಕೂಡಲೇ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕುವುದು ಕಡ್ಡಾಯ. ಅಲ್ಲಿ ಬಿದ್ದ ಒಂದು ಚೂರು ಲೋಹ ನೇರ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸೇರುತ್ತದೆ.

ಆಮೇಲೆ ಎಣ್ಣೆ. ಸೀಮೆಎಣ್ಣೆ, ಡೀಸೆಲ್‌ಗಳಿಂದ ಹಿಡಿದು ಡಬ್ಬಿಯಲ್ಲಿ ಸಿಗುವ ಪೆನೆಟ್ರೇಟಿಂಗ್ ಆಯಿಲ್‌ವರೆಗೆ ಎಲ್ಲಕ್ಕೂ ಬೇಕಾದದ್ದು ಸಮಯ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯನ್ನು ಸಮಪಾಲು ಬೆರೆಸಿ ಬಳಸುವವರೂ ಇದ್ದಾರೆ; ಆ ಮಿಶ್ರಣ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಮುಂದಿನ ಬೆಂಕಿಯ ಕೆಲಸಕ್ಕೆ ಮೊದಲು ಅದು ಪೂರ್ತಿ ಆರಿರಬೇಕು. ರಾತ್ರಿಯಿಡೀ ನೆನೆಯಲು ಬಿಟ್ಟು, ನಡುನಡುವೆ ಸ್ಟಡ್ಡಿನ ತಲೆಗೆ ಹಿತ್ತಾಳೆಯ ತುಂಡಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಪುಡಿ ಬಿರುಕುಬಿಟ್ಟು ಎಣ್ಣೆ ಕೆಳಗಿಳಿಯುತ್ತದೆ.

ಈ ಕೆಲಸದ ಮುಖ್ಯ ಆಯುಧ ಶಾಖ. ಒಂದೇ ಪ್ರಮಾಣದಲ್ಲಿ ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಟು ಮಿಲಿಮೀಟರಿನ ಸ್ಟಡ್ ಇರುವ ಕೇಸನ್ನು 150 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ತೂತು ಸ್ಟಡ್ಡಿಗಿಂತ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಹೆಚ್ಚು ಅಗಲವಾಗುತ್ತದೆ. ಕೇಳಲು ಅಲ್ಪ; ಆದರೆ ಪುಡಿಯ ಹಿಡಿತ ಸಡಿಲಿಸಲು ಬಹಳ ಸಲ ಅಷ್ಟೇ ಸಾಕು. ಆದ್ದರಿಂದ ಜ್ವಾಲೆಯನ್ನು ಹಿಡಿಯಬೇಕಾದ್ದು ಸ್ಟಡ್ಡಿಗಲ್ಲ, ಅದರ ಸುತ್ತಲಿನ ಕೇಸಿಗೆ. ಬೇರಿಂಗ್, ರಬ್ಬರ್ ಸೀಲ್ ಎಲ್ಲ ಕಳಚಿದ ಬರಿಯ ಕೇಸಾದರೆ ಓವನ್ನಿನಲ್ಲಿಟ್ಟು ಕಾಯಿಸುವುದು ಇನ್ನೂ ಒಳ್ಳೆಯದು. ಶಾಖ ಎಲ್ಲೆಡೆ ಸಮನಾಗಿ ಹರಡಿ ಕೇಸ್ ಸೊಟ್ಟಗಾಗುವ ಭಯವಿರುವುದಿಲ್ಲ.

ಅಲ್ಯೂಮಿನಿಯಂ ಕಾದಾಗ ಉಕ್ಕಿನಂತೆ ಕೆಂಪಾಗುವುದಿಲ್ಲ. ಬಣ್ಣ ಬದಲಿಸದೆಯೇ ಅದು 660 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ; ಕೇಸಿನ ಮಿಶ್ರಲೋಹ ಅದಕ್ಕೂ ಮೊದಲೇ. 200 ಡಿಗ್ರಿ ದಾಟಿದರೆ ಕೆಲವು ಮಿಶ್ರಲೋಹಗಳ ಗಡಸುತನವೂ ಇಳಿಯತೊಡಗುತ್ತದೆ. ಹಾಗಾಗಿ ಕಣ್ಣಿನ ಅಂದಾಜನ್ನು ನಂಬದೆ ತಾಪಮಾಪಕವನ್ನೋ ತಾಪ ತೋರಿಸುವ ಬಳಪವನ್ನೋ ಬಳಸುವುದು ಲೇಸು. ಕೇಸ್ ಬಿಸಿಯಿದ್ದಾಗ ಬುಡಕ್ಕೆ ಮೇಣದಬತ್ತಿ ಒತ್ತಿದರೆ ಕರಗಿದ ಮೇಣ ಸಂದಿಗಿಳಿದು ಜಾರುವಿಕೆ ಕೊಡುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಕೇಸಿನಂಥ ಮೆಗ್ನೀಸಿಯಂ ಮಿಶ್ರಲೋಹಕ್ಕೆ ಮಾತ್ರ ತೆರೆದ ಜ್ವಾಲೆ ಕೂಡದು. ಅದರ ಪುಡಿ, ಸಿಪ್ಪೆಗಳು ಹೊತ್ತಿಕೊಂಡರೆ ನೀರು ಸುರಿದಷ್ಟೂ ಬೆಂಕಿ ಕೆರಳುತ್ತದೆ.

ತಿರುಗಿಸುವಾಗ ಹಿಡಿತ ಬುಡದಲ್ಲಿರಬೇಕು. ಉದ್ದನೆಯ ಸ್ಟಡ್ಡನ್ನು ತುದಿಯಲ್ಲಿ ಹಿಡಿದರೆ ಅದು ಮೊದಲು ಹೆಣೆದ ಜಡೆಯಂತೆ ತಿರುಚಿಕೊಳ್ಳುತ್ತದೆ, ಬುಡ ಅಲುಗುವುದೇ ಇಲ್ಲ. ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್‌ಗಳನ್ನು ಒಂದಕ್ಕೊಂದು ಎದುರಾಗಿ ಬಿಗಿದು ಕೆಳಗಿನದನ್ನು ತಿರುಗಿಸುವುದು ಸುಲಭ ದಾರಿ. ಅದು ಜಾರಿದರೆ ಸ್ಟಡ್ ಎಕ್ಸ್‌ಟ್ರ್ಯಾಕ್ಟರ್. ಅದರಲ್ಲಿ ಸುತ್ತಲಿಂದ ಸಮನಾಗಿ ಹಿಡಿಯುವ ರೋಲರ್ ಬಗೆ, ಒಂದೇ ಪಕ್ಕಕ್ಕೆ ಕಚ್ಚುವ ಕ್ಯಾಮ್ ಬಗೆಗಿಂತ ಮೇಲು.

ಒಂದೇ ದಿಕ್ಕಿಗೆ ಬಲ ಹಾಕುವುದು ಸ್ಟಡ್ ಮುರಿಯುವ ಹತ್ತಿರದ ದಾರಿ. ಕೂದಲೆಳೆಯಷ್ಟು ಬಿಗಿದು, ಅಷ್ಟೇ ಸಡಿಲಿಸಿ, ಮತ್ತೆ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಬೇಕು. ಕಿರ್ರೆಂದು ಸದ್ದು ಮಾಡುತ್ತ ನಿಧಾನವಾಗಿ ತಿರುಗಿದರೆ ಥ್ರೆಡ್ ಬಿಡುತ್ತಿದೆ ಎಂದರ್ಥ. ಸದ್ದಿಲ್ಲದೆ ಮೆತ್ತಗೆ ತಿರುಗಿ, ಕೈ ಬಿಟ್ಟಾಗ ಹಿಂದಕ್ಕೆ ಚಿಮ್ಮಿದರೆ ತಿರುಚುತ್ತಿರುವುದು ಸ್ಟಡ್ಡೇ. ಅಲ್ಲಿಗೆ ನಿಲ್ಲಿಸಿ ಮತ್ತೆ ಕಾಯಿಸಬೇಕು.

ಮುರಿದೇ ಹೋದರೆ, ಹೊರಗೆ ತುಸು ಉಳಿದಿದ್ದರೂ ನಟ್ ಕೂರಿಸಿ ವೆಲ್ಡ್ ಮಾಡುವುದು ಮೊದಲ ಆಯ್ಕೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಜೊತೆಗೆ ಕೆಂಪಾಗಿ ಕಾದ ಸ್ಟಡ್ ಹಿಗ್ಗಿ ಕುಗ್ಗುವಾಗ ಪುಡಿಯ ಪದರ ಒಡೆಯುತ್ತದೆ. ಕೇಸಿನ ಮಟ್ಟಕ್ಕೇ ಮುರಿದಿದ್ದರೆ ತುದಿಯನ್ನು ಸಪಾಟಾಗಿ ಅರದಿಂದ ಉಜ್ಜಿ, ನಟ್ಟನಡುವೆ ಸೆಂಟರ್ ಪಂಚ್ ಹೊಡೆದು, ಎಡತಿರುವಿನ ಡ್ರಿಲ್ ಬಿಟ್‌ನಿಂದ ಕೊರೆಯಬೇಕು. ಕೊರೆಯುವಾಗಲೇ ಸ್ಟಡ್ ಕಳಚಿ ಬರುವುದುಂಟು. ಈಜಿ-ಔಟ್ ಎಂಬ ಸಾಧನ ಹೆಸರಿನಷ್ಟು ಸಲೀಸಲ್ಲ. ಗಟ್ಟಿ ಉಕ್ಕಿನ ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯಲಾರದು. ಆಗ ಉಳಿಯುವುದು ಸ್ಪಾರ್ಕ್ ಇರೋಷನ್ ಯಂತ್ರ, ಅಥವಾ ಕ್ಷೌರಿಕರ ಪಟಿಕ: ಪಟಿಕದ ಕುದಿಯುವಷ್ಟು ಬಿಸಿಯಾದ ದ್ರಾವಣ ಉಕ್ಕಿನ ಚೂರನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಂಗೆ ಹೆಚ್ಚು ಹಾನಿ ಮಾಡುವುದಿಲ್ಲ.

ಕೇಸಿನ ಥ್ರೆಡ್ ಕೆಟ್ಟಿದ್ದರೂ ಕೇಸ್ ಹಾಳಾದಂತಲ್ಲ. ತೂತನ್ನು ಹಿಗ್ಗಿಸಿ, ಹೊಸ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ತಂತಿಯ ಸುರುಳಿಯಾದ ಹೆಲಿಕಾಯಿಲ್ ಕೂರಿಸಿದರೆ ಹಳೆಯ ಅಳತೆಯ ಸ್ಟಡ್ಡೇ ಸರಿಹೊಂದುತ್ತದೆ. ಹೆಚ್ಚು ಭಾರ ಹೊರುವ ಕಡೆ ಗಟ್ಟಿ ಗೋಡೆಯ ಟೈಮ್‌ಸರ್ಟ್ ಬಳಸುತ್ತಾರೆ. ತೂತು ನೆಟ್ಟಗಿರದಿದ್ದರೆ ಸಿಲಿಂಡರ್ ಕೂರುವುದಿಲ್ಲ. ಆದ್ದರಿಂದ ಇದನ್ನು ಕೈಡ್ರಿಲ್‌ಗಿಂತ ಪಿಲ್ಲರ್ ಡ್ರಿಲ್‌ನಲ್ಲಿ ಮಾಡಿಸುವುದು ಸರಿ.

ಹೊಸ ಸ್ಟಡ್ ಹಾಕುವ ಮುನ್ನ ಥ್ರೆಡ್ ತೊಳೆದು, ಗಾಳಿ ಊದಿ ಒಣಗಿಸಬೇಕು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬಿಗಿಯುವಾಗ ಅದರ ಒತ್ತಡಕ್ಕೆ ಕೇಸೇ ಸೀಳಬಹುದು. ಕೇಸಿನೊಳಗೆ ಕೂರುವ ತುದಿಗೆ ಆ್ಯಂಟಿ-ಸೀಜ್ ಲೇಪನವನ್ನು ತೆಳ್ಳಗೆ ಸವರಿದರೆ ಎರಡು ಲೋಹಗಳ ನಡುವೆ ತೇವಕ್ಕೆ ಎಡೆಯಿರುವುದಿಲ್ಲ. ಸ್ಟಡ್ ತಾನಾಗಿ ಸಡಿಲವಾಗುವ ಜಾಗವಾದರೆ ಅದರ ಬದಲು ಮಧ್ಯಮ ಬಲದ ಥ್ರೆಡ್‌ಲಾಕರ್ ಸಾಕು. ಸುಮಾರು 250 ಡಿಗ್ರಿಗೆ ಕಾಯಿಸದೆ ಬಿಡದ ಗಟ್ಟಿ ಬಗೆಯನ್ನು ಅಲ್ಯೂಮಿನಿಯಂ ಕೇಸಿಗೆ ಬಳಸಿದರೆ ಮುಂದೆ ಬಿಚ್ಚುವವರಿಗೆ ಇದೇ ಪಾಡು ಮರುಕಳಿಸುತ್ತದೆ.